ಗ್ಯಾರಂಟಿ ಕೇಳಿದಾಗ ಹೊರಗೆ ಬಂದ ಮೀಟರ್

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯನ್ನು ಶಿಡ್ಲಘಟ್ಟದಲ್ಲಿ ಮನೆಮನೆಗೆ ಹಾಕುವವನು ನಾನು. ಹತ್ತೊಂಬತ್ತು ವರ್ಷ ಆಯಿತು. ಇಷ್ಟು ವರ್ಷ ಬೇರೆಯವರು ಬರೆದ ಪತ್ರಗಳನ್ನು ಹಂಚಿದ್ದೇನೆ. ನಾನೇ ಬರೆಯುತ್ತಿರುವುದು ಇದೇ ಮೊದಲು. ಭಾಷೆ ತಪ್ಪಿದ್ದರೆ ತಿದ್ದಿಕೊಳ್ಳಿ. ಅಂಕಿಗಳನ್ನು ಮಾತ್ರ ಮುಟ್ಟಬೇಡಿ, ಅವನ್ನು ಬೈಕ್ ಬ್ಯಾಟರಿಯ ವೋಲ್ಟ್ ಅಳೆಯುವ ಮೀಟರ್ ನೋಡಿಯೇ ಬರೆದುಕೊಂಡಿದ್ದೇನೆ.

ಕಳೆದ ವಾರ ನಿಮ್ಮ ಪುರವಣಿಯಲ್ಲಿ ಮಳೆಗಾಲದಲ್ಲಿ ಬೈಕ್ ನೋಡಿಕೊಳ್ಳುವುದು ಹೇಗೆ ಅಂತ ಒಂದು ಪುಟ ಬಂದಿತ್ತು. ಚೈನ್‌ಗೆ ಎಣ್ಣೆ, ಟೈರಿಗೆ ಗಾಳಿ, ಬ್ರೇಕ್, ಎಲ್ಲ ಸರಿಯಾಗಿತ್ತು. ಕೊನೆಯಲ್ಲಿ ಒಂದು ಸಾಲು: ‘ಹೆಡ್‌ಲೈಟ್ ಮಂದವಾಗಿದ್ದರೆ ಬ್ಯಾಟರಿ ಬದಲಾಯಿಸಿ.’ ಬಸ್ ಸ್ಟ್ಯಾಂಡಿನಲ್ಲಿ ಪುರವಣಿ ಸೇರಿಸುತ್ತಾ ಆ ಸಾಲು ಕಣ್ಣಿಗೆ ಬಿತ್ತು. ಹೊಟ್ಟೆ ಉರಿಯಿತು. ನಾನು ಮಾಡಿದ್ದೂ ಅದನ್ನೇ. ಒಂದಲ್ಲ, ಎರಡು ಸಲ.

ನನ್ನದು 100 ಸಿಸಿ ಗಾಡಿ, 2011ರ ಮಾಡೆಲ್. ಬೆಳಗಿನ ಜಾವ ನಾಲ್ಕೂಕಾಲಿಗೆ ಬೆಂಗಳೂರಿನ ವ್ಯಾನ್ ಬಂಡಲ್ ಎಸೆದು ಹೋಗುತ್ತದೆ. ಟ್ಯಾಂಕ್ ಮೇಲೆ ಒಂದು ಚೀಲ, ಹಿಂದೆ ಒಂದು ಕಟ್ಟು. ಊರೊಳಗೆ ಮುಗಿಸಿ ಮೇಲೂರು, ಮಳ್ಳೂರು ಕಡೆ ಹೋಗುತ್ತೇನೆ. ಹುಡುಗರು ಕೈಕೊಟ್ಟ ದಿನ ಅವರ ಲೈನೂ ನನ್ನದೇ. ಪೇಪರ್ ಹಾಕುವ ಗಾಡಿ ಓಡುವ ಥರವೇ ಬೇರೆ. ಗೇಟಿಗೊಂದು ಸಲ ನಿಲ್ಲಬೇಕು, ಬ್ರೇಕ್ ಒತ್ತಬೇಕು, ಮತ್ತೆ ಹೊರಡಬೇಕು. ಎರಡನೇ ಗೇರ್ ದಾಟುವುದೇ ಅಪರೂಪ.

ಹೋದ ವರ್ಷ ಯುಗಾದಿಗೆ ಮುಂಚೆ ಶುರುವಾಯಿತು. ಮೊದಲು ಹಾರ್ನ್ ಸ್ವರ ಬಿದ್ದಿತು, ನೆಗಡಿ ಆದವರ ಥರ. ಆಮೇಲೆ ಇಂಡಿಕೇಟರ್ ಮಿಣುಕುವುದನ್ನು ಬಿಟ್ಟು ಸುಮ್ನೆ ಮಂಕಾಗಿ ಉರಿದುಕೊಂಡೇ ನಿಂತಿತು. ಸೆಲ್ಫ್ ಒತ್ತಿದರೆ ಸೀಟಿನ ಕೆಳಗೆ ಕಟ ಕಟ ಸದ್ದು, ಅಷ್ಟೇ. ಕಿಕ್ ಹೊಡೆದರೆ ಮಾತ್ರ ಒಂದೇ ಏಟಿಗೆ ಸ್ಟಾರ್ಟ್. ಆ ಕಾಲದ ಇಂಥ ಗಾಡಿಗಳಲ್ಲಿ ಬಹಳಷ್ಟಕ್ಕೆ ಪ್ಲಗ್‌ಗೆ ಕಿಡಿ ಕೊಡಲು, ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಒಳಗೇ ಬೇರೆ ಕಾಯಿಲ್, ಅಂದ್ರೆ ತಂತಿ ಸುರುಳಿ, ಇರುತ್ತದೆ. ಬ್ಯಾಟರಿ ಸತ್ತರೂ ಎಂಜಿನ್ ಓಡುತ್ತದೆ. ಅದಕ್ಕೇ ನಾವೂ ತಿಂಗಳುಗಟ್ಟಲೆ ಅಸಡ್ಡೆ ಮಾಡುತ್ತೇವೆ.

ಮೊದಲು ನೋಡಿದ ಮೆಕ್ಯಾನಿಕ್ ಗಾಡಿ ಸ್ಟಾರ್ಟ್ ಮಾಡಿಸಿದ. ಓಡುತ್ತಿರುವಾಗಲೇ ಬ್ಯಾಟರಿಯ ಒಂದು ವೈರ್ ಕಿತ್ತ. ಎಕ್ಸಲೇಟರ್ ಕೊಟ್ಟು ಹಾರ್ನ್ ಒತ್ತಿದ. ಗರ್ ಅಂತ ಏನೋ ಬಂತು. ‘ಚಾರ್ಜಿಂಗ್ ಇದೆ ಅಣ್ಣ, ಬ್ಯಾಟರಿನೇ ವೀಕ್’ ಅಂದ. ಈ ಪರೀಕ್ಷೆ ಎಷ್ಟು ಕೆಟ್ಟದ್ದು ಅಂತ ಆಗ ನನಗೆ ಗೊತ್ತಿರಲಿಲ್ಲ. ಬ್ಯಾಟರಿ ಅಂದ್ರೆ ಬರೀ ಕರೆಂಟ್ ತುಂಬುವ ಡಬ್ಬಿ ಅಲ್ಲ. ಮ್ಯಾಗ್ನೆಟ್‌ನಿಂದ ಬರುವ ಏರುಪೇರನ್ನು ಅದು ತಡೆದುಕೊಳ್ಳುತ್ತದೆ. ಎಂಜಿನ್ ಓಡುವಾಗ ಅದನ್ನು ಕಿತ್ತರೆ ವೋಲ್ಟೇಜ್ ಎಲ್ಲಿಗೋ ಹಾರಿ ಬಲ್ಬ್ ಸುಡಬಹುದು. ಈಗಿನ ಗಾಡಿಯಾದರೆ ಸಾವಿರಾರು ರೂಪಾಯಿಯ ಇಸಿಯು, ಅಂದ್ರೆ ಎಂಜಿನ್ ನಡೆಸುವ ಕಂಪ್ಯೂಟರ್ ಕೂಡ ಹೋಗಬಹುದು.

1,150 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಹಳೆಯದನ್ನು ಅಲ್ಲೇ ಇಟ್ಟುಕೊಂಡರು. ಹಾರ್ನ್ ಖಣಿ ಖಣಿ ಅಂತ ಹೊಡೆಯಿತು, ಸೆಲ್ಫ್ ತಿರುಗಿತು. ಖುಷಿಯಾಯಿತು.

ಗಣೇಶನ ಹಬ್ಬದ ಹೊತ್ತಿಗೆ ಮತ್ತೆ ಅದೇ ನೆಗಡಿ ಹಾರ್ನ್. ಈ ಸಲ ಬೇರೆ ಅಂಗಡಿಗೆ ಹೋದೆ. ಮೊದಲನೆಯವನು ‘ವೀಕ್’ ಅಂದಿದ್ದ, ಇವರು ‘ಡೌನ್’ ಅಂದರು. ಅಳಿಯ ಅಲ್ಲ, ಮಗಳ ಗಂಡ. 1,300 ರೂಪಾಯಿ. ಈ ಸಲ ಬುದ್ಧಿ ಬಂದು ಬಿಲ್ ತೆಗೆದುಕೊಂಡೆ. ಗ್ಯಾರಂಟಿ ಕಾರ್ಡಿಗೆ ಸೀಲ್ ಹಾಕಿಸಿಕೊಂಡು ಮನೆಯಲ್ಲಿ ದೇವರ ಪಟದ ಹಿಂದೆ ಇಟ್ಟೆ.

ಶಿವರಾತ್ರಿಗೆ ಅದೂ ಮಲಗಿತು. ಕಾರ್ಡ್ ಹಿಡಿದುಕೊಂಡು ಧೈರ್ಯವಾಗಿ ಹೋದೆ. ಅಂಗಡಿಯವರು ಕಾರ್ಡ್ ತಿರುಗಿಸಿ ನೋಡಿದರು. ಆಮೇಲೆ ಗಲ್ಲಾ ಪಕ್ಕದ ಡ್ರಾಯರ್ ಎಳೆದು ಒಂದು ಹಳದಿ ಮೀಟರ್ ಹೊರಗೆ ತೆಗೆದರು.  ಗಾಡಿ ಸ್ಟಾರ್ಟ್ ಮಾಡಿಸಿ, ಎಕ್ಸಲೇಟರ್ ಹಿಡಿಸಿ, ಬ್ಯಾಟರಿಯ ಎರಡು ತುದಿಗೂ ಕಡ್ಡಿ ಮುಟ್ಟಿಸಿದರು. ‘ನೋಡಿ, 12.3 ವೋಲ್ಟ್. ಹದಿನಾಲ್ಕು ಬರಬೇಕು. ನಿಮ್ಮ ಗಾಡೀಲೇ ಚಾರ್ಜಿಂಗ್ ಇಲ್ಲ. ಇದಕ್ಕೆ ಗ್ಯಾರಂಟಿ ಬರಲ್ಲ’ ಅಂದರು. ಕಾರ್ಡಿನ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಹಾಗೇ ಬರೆದಿತ್ತು.

ಸಂಪಾದಕರೇ, ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಮೀಟರ್ ತೋರಿಸಿದ್ದು ನಿಜ. ಕಾರ್ಡಿನಲ್ಲಿ ಇದ್ದದ್ದೂ ನಿಜ. ನನ್ನ ಪ್ರಶ್ನೆ ಒಂದೇ. ಅದೇ ಮೀಟರ್, ಅದೇ ಡ್ರಾಯರ್‌ನಲ್ಲಿ, ಗಣೇಶನ ಹಬ್ಬದ ದಿನವೂ ಇತ್ತಲ್ವಾ? ಅವತ್ತು ಯಾಕೆ ಹೊರಗೆ ಬರಲಿಲ್ಲ? ಎರಡು ನಿಮಿಷದ ಕೆಲಸ. ಬ್ಯಾಟರಿ ಮಾರುವಾಗ ಬೇಡವಾಗಿದ್ದ ಮೀಟರ್ ಗ್ಯಾರಂಟಿ ಇಲ್ಲ ಅನ್ನುವಾಗ ಬೇಕಾಯಿತು.

ನಾನು ಜಗಳ ಆಡಲಿಲ್ಲ. ಗ್ರಾಹಕರ ಸಹಾಯವಾಣಿ 1915 ಇದೆ ಅಂತ ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಆದರೆ 1,300 ರೂಪಾಯಿಗೆ ದೂರು ಕೊಟ್ಟು ದಿನಾ ಮುಖ ನೋಡುವವರ ಜೊತೆ ಹಗೆ ಕಟ್ಟಿಕೊಳ್ಳೋದು ಯಾರು?

ಬೇಜಾರಿಗೆ ಸ್ಟಾರ್ಟ್ ಮಾಡದೆ ಗಾಡಿ ತಳ್ಳಿಕೊಂಡು ಬರುವಾಗ ವೈಂಡಿಂಗ್ ಅಂಗಡಿ ಭಾಯ್ ಕಂಡರು. ಬೋರ್‌ವೆಲ್ ಮೋಟಾರ್ ಸುಟ್ಟರೆ ಸುತ್ತಮುತ್ತಲ ಹಳ್ಳಿಯವರೆಲ್ಲ ಹೋಗುವುದು ಅವರ ಹತ್ತಿರವೇ. ಅವರಿಗೂ ಪೇಪರ್ ಹಾಕುತ್ತೇನೆ, ಉರ್ದುವಿನದು ಒಂದು, ಕನ್ನಡದ್ದು ಒಂದು. ‘ಯಾಕಣ್ಣ ತಳ್ತಾ ಇದೀರ, ಪೆಟ್ರೋಲ್ ಇಲ್ವಾ?’ ಅಂದರು. ಕಥೆ ಹೇಳಿದೆ. ‘ಬೈಕ್ ನನ್ನ ಕೆಲಸ ಅಲ್ಲ. ಆದ್ರೆ ಕಾಯಿಲ್ ಕಾಯಿಲ್ಲೇ ಅಲ್ವಾ? ಬ್ಯಾಟರಿ ಬಿಚ್ಚಿ ಇಟ್ಟು ಹೋಗಿ’ ಅಂದರು.

ರಾತ್ರಿಯೆಲ್ಲ ಸಣ್ಣ ಚಾರ್ಜಿಗೆ ಹಾಕಿದರು. ಇಲ್ಲೇ ಒಂದು ಮಾತು ಹೇಳಬೇಕು. ನನ್ನದು 4 ಆಂಪ್ ಅವರ್ ಬ್ಯಾಟರಿ. ಅಂಥದ್ದಕ್ಕೆ ಹತ್ತನೇ ಒಂದು ಭಾಗ, ಅಂದ್ರೆ 0.4 ಆಂಪ್‌ನಲ್ಲಿ ಹತ್ತು ಹನ್ನೆರಡು ಗಂಟೆ ನಿಧಾನವಾಗಿ ಚಾರ್ಜ್ ಕೊಡಬೇಕು. ಎರಡು ಗಂಟೆಯಲ್ಲಿ ಫುಲ್ ಮಾಡಿಕೊಡ್ತೀವಿ ಅನ್ನುವವರ ಹತ್ತಿರ ಕೊಟ್ಟರೆ ಅದು ಊಟ ಬಡಿಸಿದ ಹಾಗಲ್ಲ, ಗಂಟಲಿಗೆ ತುರುಕಿದ ಹಾಗೆ. ಬೆಳಗ್ಗೆ ಚಾರ್ಜರ್ ಕಿತ್ತು, ಮಧ್ಯಾಹ್ನದವರೆಗೆ ಸುಮ್ನೆ ಬಿಟ್ಟು, ಮೀಟರ್ ಹಿಡಿದರು. 12.7 ತೋರಿಸಿತು. ಸಂಜೆಗೂ 12.7. ‘ಇದು ಸತ್ತಿಲ್ಲ ಅಣ್ಣ, ಹಸಿದಿದೆ’ ಅಂದರು.

ಈ ಲೆಕ್ಕ ಬಹಳ ಸುಲಭ. ಇಂಥ ಬ್ಯಾಟರಿಯ ಒಳಗೆ ಆರು ಸೆಲ್. ಒಂದೊಂದು ಸುಮಾರು 2.1 ವೋಲ್ಟ್. ಗಾಡಿ ಆಫ್ ಮಾಡಿ ಒಂದಷ್ಟು ಗಂಟೆ ಬಿಟ್ಟು ನೋಡಿದಾಗ 12.6ಕ್ಕಿಂತ ಮೇಲಿದ್ದರೆ ಹೊಟ್ಟೆ ತುಂಬಿದೆ ಅಂತ ಅರ್ಥ. 12ಕ್ಕೆ ಇಳಿದರೆ ಹೆಚ್ಚುಕಮ್ಮಿ ಖಾಲಿ. ಚಾರ್ಜ್ ಮಾಡಿದ ಮೇಲೂ ಹತ್ತೂವರೆ ಹತ್ತಿರವೇ ನಿಂತರೆ ಒಂದು ಸೆಲ್ ಹೋಗಿದೆ, ಅದನ್ನು ಬದಲಾಯಿಸಲೇಬೇಕು. ನನ್ನ ಮೊದಲನೇ ಬ್ಯಾಟರಿಯನ್ನು ಯಾರೂ ಹೀಗೆ ನೋಡಲಿಲ್ಲ. ಅದೂ ಹಸಿದಿತ್ತೇನೋ. ಈಗ ಯಾವ ಗುಜರಿಯಲ್ಲಿ ಸೀಸ ಕರಗಿಹೋಯಿತೋ.

ಬ್ಯಾಟರಿಯನ್ನು ಗಾಡಿಗೆ ಹಾಕಿ ಕಿಕ್ ಹೊಡೆದೆವು. ಸ್ಲೋದಲ್ಲಿ 12.5. ಎಕ್ಸಲೇಟರ್ ಕೊಟ್ಟರೆ ಏರಬೇಕಲ್ವಾ? ಏರಲಿಲ್ಲ. ಬ್ರೇಕ್ ಒತ್ತಿ ಅದರ ಲೈಟ್ ಹತ್ತಿದರೆ ಇನ್ನೂ ಒಂದು ಪಾಯಿಂಟ್ ಇಳಿಯಿತು. ಅಂದ್ರೆ ಬ್ಯಾಟರಿಗೆ ಏನೂ ಬರುತ್ತಿಲ್ಲ, ಬರೀ ಹೋಗುತ್ತಿದೆ.

ನಾನು ‘ಹಾಗಾದ್ರೆ ಕಾಯಿಲ್ ಹೋಗಿದೆ’ ಅಂದೆ. ಭಾಯ್ ಬೈದರು. ‘ಎಲ್ಲರೂ ಮೊದಲು ಎಂಜಿನ್ ಪಕ್ಕದ ಕವರ್ರೇ ಬಿಚ್ತಾರೆ. ಆಯಿಲ್ ಸುರಿಯುತ್ತೆ, ಪ್ಯಾಕಿಂಗ್ ಹರಿಯುತ್ತೆ. ಬಿಚ್ಚದೆ ನೋಡೋಕೆ ಬರುತ್ತೆ, ಇರಿ’ ಅಂದರು. ಸೈಡ್ ಪ್ಯಾನಲ್ ತೆಗೆದರು. ಒಳಗೆ ರೆಕ್ಕೆ ರೆಕ್ಕೆ ಇರುವ ಒಂದು ಅಲ್ಯೂಮಿನಿಯಂ ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇದೇ ಆರ್‌ಆರ್ ಯೂನಿಟ್, ಅಂದ್ರೆ ರೆಗ್ಯುಲೇಟರ್ ರೆಕ್ಟಿಫೈಯರ್. ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವುದು ಎಸಿ ಕರೆಂಟ್, ಬ್ಯಾಟರಿಗೆ ಬೇಕಾದದ್ದು ಡಿಸಿ. ಅದನ್ನು ಡಿಸಿ ಮಾಡುವುದು, ಹದಿನಾಲ್ಕು ಹದಿನಾಲ್ಕೂವರೆ ದಾಟದ ಹಾಗೆ ಹಿಡಿಯುವುದು, ಎರಡೂ ಇದರ ಕೆಲಸ. ಅದಕ್ಕೆ ವೈರ್ ಜೋಡಿಸುವ ಪ್ಲಾಸ್ಟಿಕ್ ಕಪ್ಲರ್‌ನಲ್ಲಿ ನಾಲ್ಕು ವೈರ್. ನನ್ನ ಗಾಡಿಯಲ್ಲಿ ಬಿಳಿ ವೈರ್ ಚಾರ್ಜಿಂಗ್ ಕಾಯಿಲ್‌ನಿಂದ, ಹಳದಿ ಹೆಡ್‌ಲೈಟ್‌ಗೆ, ಕೆಂಪು ಬ್ಯಾಟರಿಗೆ, ಹಸಿರು ಅರ್ಥ್, ಅಂದ್ರೆ ಗಾಡಿಯ ಬಾಡಿಗೆ ಸೇರುವುದು.

ಕಪ್ಲರ್ ಬಿಚ್ಚಿ, ಮೀಟರ್ ಎಸಿಗೆ ತಿರುಗಿಸಿ, ಒಂದು ಕಡ್ಡಿ ಬಿಳಿ ವೈರಿಗೆ, ಇನ್ನೊಂದು ಎಂಜಿನ್ ಬಾಡಿಗೆ. ನಾನು ಎಕ್ಸಲೇಟರ್ ಕೊಟ್ಟ ಹಾಗೆಲ್ಲ ಅಂಕಿ ಏರಿ ಇಪ್ಪತ್ತು ದಾಟಿತು. ಎಷ್ಟಕ್ಕೆ ಹೋಯಿತು ಅನ್ನುವುದು ಗಾಡಿಗೊಂದು ಥರ. ಎಂಜಿನ್ ಜೊತೆ ಅದೂ ಏರಬೇಕು, ಅದೇ ಮುಖ್ಯ. ‘ಕಾಯಿಲ್ ಚಿನ್ನದಂಗಿದೆ’ ಅಂದರು.

ಕಪ್ಲರ್ ಮತ್ತೆ ಸಿಕ್ಕಿಸಿ, ಮೀಟರ್ ಡಿಸಿಗೆ ತಂದು, ಈ ಸಲ ಕೆಂಪು ವೈರನ್ನು ಹಿಂದಿನಿಂದ ಸೂಜಿ ತೂರಿಸಿ ಮುಟ್ಟಿದರು. ಆರ್‌ಆರ್ ಯೂನಿಟ್ ಕಡೆ 14.2. ಕಪ್ಲರ್‌ನ ಈಚೆ, ಬ್ಯಾಟರಿ ಕಡೆ, 12.4. ಅದೇ ಕೆಂಪು ವೈರ್, ನಡುವೆ ಅರ್ಧ ಇಂಚು. ನನ್ನ 2,450 ರೂಪಾಯಿ ಆ ಅರ್ಧ ಇಂಚಿನಲ್ಲಿ ಮಾಯವಾಗಿತ್ತು.

ಎಂಜಿನ್ ಆಫ್ ಮಾಡಿ ಕಪ್ಲರ್ ಎಳೆದು ಬೆಳಕಿಗೆ ಹಿಡಿದರು. ಮೂರು ಪಿನ್ ಚೊಕ್ಕಟವಾಗಿದ್ದವು. ನಾಲ್ಕನೆಯದರ ಸುತ್ತ ಹಸಿರು ಕಿಲುಬು. ತಾಮ್ರದ ಚೊಂಬಿನಲ್ಲಿ ಮಜ್ಜಿಗೆ ಮರೆತರೆ ಬರುತ್ತದಲ್ಲ, ಅದೇ ಬಣ್ಣ. ಬ್ಲೇಡಿನ ಮೂಲೆಯಲ್ಲಿ ಕೆರೆದರೆ ಪುಡಿ ಉದುರಿತು. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಮೆತ್ತಗಾಗಿತ್ತು. ಅಲ್ಲಿ ಕರೆಂಟ್ ಹೋಗಲಾರದೆ ಬಿಸಿಯಾಗಿದೆ. ಕಾರಣ ಹುಡುಕಿದರೆ ನಾನೇ. ಮಳೆಗಾಲದಲ್ಲಿ ಕೆಸರು ಮೆತ್ತುತ್ತದೆ ಅಂತ ವಾರಕ್ಕೊಂದು ಸಲ ವಾಟರ್ ಸರ್ವೀಸಿಗೆ ಬಿಡುತ್ತಿದ್ದೆ. ಪ್ರೆಷರ್ ಪೈಪ್ ಹಿಡಿದು ಸೈಡ್ ಪ್ಯಾನಲ್ ಸಂದಿಗೇ ಹೊಡೆಯುತ್ತಿದ್ದರು. ಗಾಡಿ ಫಳಫಳ ಹೊಳೆಯಲಿ ಅಂತ ಹತ್ತು ರೂಪಾಯಿ ಜಾಸ್ತಿ ಬೇರೆ ಕೊಟ್ಟಿದ್ದೇನೆ.

ಭಾಯ್ ಒಂದು ಮಾತು ಹೇಳಿದರು. ಅದನ್ನು ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ‘ಬೋರ್‌ನಲ್ಲಿ ನೀರಿದೆ. ಮೋಟಾರ್ ಓಡ್ತಿದೆ. ಪೈಪಿನಲ್ಲಿ ಮಣ್ಣು ಕಟ್ಟಿದೆ. ನೀವು ವರ್ಷಕ್ಕೆರಡು ಸಲ ತೊಟ್ಟಿ ಬದಲಾಯಿಸ್ತಾ ಇದೀರ.’

ಹೊಸ ಪಿನ್ ಹಾಕಿ, ಬೆಸುಗೆ ಹಾಕಿ, ಉಳಿದವನ್ನು ಉಜ್ಜಿ, ಕಪ್ಲರ್ ಬಾಯಿಗೆ ಗ್ರೀಸ್ ಸವರಿದರು. ಎಕ್ಸಲೇಟರ್ ಕೊಟ್ಟಾಗ ಬ್ಯಾಟರಿ ಮೇಲೆ 14.1. ಅರವತ್ತು ರೂಪಾಯಿ ತೆಗೆದುಕೊಂಡರು. ಅದೂ ನಾನು ಬಲವಂತ ಮಾಡಿದ ಮೇಲೆ. ಆ ‘ಸತ್ತ’ ಬ್ಯಾಟರಿ ಇವತ್ತಿಗೂ ನನ್ನ ಗಾಡಿಯಲ್ಲೇ ಇದೆ.

ಈಗ ನಿಮ್ಮ ಪುರವಣಿಯ ಆ ಸಾಲಿಗೆ ಬರುತ್ತೇನೆ. ನನ್ನಂಥ ಹಳೆ ಸಣ್ಣ ಗಾಡಿಗಳಲ್ಲಿ ಬಹಳಷ್ಟಕ್ಕೆ ಹೆಡ್‌ಲೈಟ್‌ಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಹೆಡ್‌ಲೈಟ್ ಉರಿಯುವುದು ನೇರವಾಗಿ ಮ್ಯಾಗ್ನೆಟ್ ಕಾಯಿಲ್‌ನಿಂದ. ಸ್ಲೋದಲ್ಲಿ ಮಂದವಾಗಿ, ಎಕ್ಸಲೇಟರ್ ಕೊಟ್ಟರೆ ಜೋರಾಗಿ ಉರಿಯುವುದು ಅದರ ಹುಟ್ಟುಗುಣ. ಅದನ್ನು ನೋಡಿ ಬ್ಯಾಟರಿ ಬದಲಾಯಿಸುವುದು ಅಂದ್ರೆ ಕಾಲು ನೋವಿಗೆ ಕನ್ನಡಕ ಬದಲಾಯಿಸಿದ ಹಾಗೆ. ನಿಮ್ಮ ಗಾಡಿ ಯಾವ ಥರದ್ದು ಅಂತ ತಿಳಿಯಬೇಕಾ? ಎಂಜಿನ್ ಆಫ್ ಇರುವಾಗ ಕೀ ಆನ್ ಮಾಡಿ, ಹೆಡ್‌ಲೈಟ್ ಸ್ವಿಚ್ ಹಾಕಿ. ಹತ್ತದಿದ್ದರೆ ಹೆಚ್ಚಾಗಿ ಈ ಥರದ್ದೇ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ಸೆಲ್ಫ್, ಇವು ಬ್ಯಾಟರಿಯ ಮಕ್ಕಳು. ಇವುಗಳ ಸ್ವರ ಬಿದ್ದಾಗಲೇ ಬ್ಯಾಟರಿ ಕಡೆ ನೋಡಬೇಕು. ಹಾಗೇ ಹೆಡ್‌ಲೈಟ್ ಬಲ್ಬ್ ಪದೇ ಪದೇ ಸುಟ್ಟು ಹೋಗುತ್ತಿದ್ದರೆ ಬಲ್ಬ್ ಕಂಪನಿಯನ್ನು ಬೈಯುವ ಮೊದಲು ಆರ್‌ಆರ್ ಯೂನಿಟ್ ಮೇಲೆ ಅನುಮಾನ ಪಡಿ.

ಹೊಸ ಗಾಡಿಗಳ ಮಾತು ಬೇರೆ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಎಂಜಿನ್ ಓಡುವಷ್ಟು ಹೊತ್ತೂ ಉರಿಯುತ್ತದೆ. 2020ರ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಸಣ್ಣ ಗಾಡಿಗಳಲ್ಲೂ ಬಹಳಷ್ಟಕ್ಕೆ ಕಾರ್ಬೋರೇಟರ್ ಹೋಗಿ ಪೆಟ್ರೋಲ್ ಇಂಜೆಕ್ಷನ್ ಬಂತು. ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪ್ ತಿರುಗಲೂ ಕರೆಂಟ್ ಬೇಕು. ಅಂಥ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಮಲಗಿದರೆ ನನ್ನ ಹಳೆ ಗಾಡಿಯಂತೆ ಒಂದೇ ಕಿಕ್‌ಗೆ ಹೋಗುತ್ತೇನೆ ಅಂತ ನಂಬುವ ಹಾಗಿಲ್ಲ. ನನ್ನ ಲೈನಿನ ಒಬ್ಬ ಹುಡುಗನದು ಇಂಥದ್ದೇ. ಒಂದು ದಿನ ಮಳ್ಳೂರಿನಲ್ಲಿ ನಿಂತುಹೋಗಿ, ಅವನ ಭಾಗದ ಪೇಪರ್‌ಗಳನ್ನು ಎಂಟು ಗಂಟೆಗೆ ಹಾಕಿ ಎಲ್ಲರಿಂದ ಬೈಸಿಕೊಂಡೆವು. ಗಾಡಿಗೆ ಎರಡು ಫಾಗ್ ಲೈಟ್, ಲಾರಿ ಸದ್ದಿನ ಹಾರ್ನ್, ಮೊಬೈಲ್ ಚಾರ್ಜರ್, ಎಲ್ಲ ಏರಿಸಿದ್ದ. ಸಣ್ಣ ಗಾಡಿಯ ಕಾಯಿಲ್ ಕೊಡುವುದೇ ಸ್ವಲ್ಪ. ನಮ್ಮ ಗೇಟು ಗೇಟಿನ ಓಡಾಟದಲ್ಲಿ ಅದೂ ಪೂರ್ತಿ ಸಿಗಲ್ಲ. ಲೈಟು, ಚಾರ್ಜರ್ ಎರಡನ್ನೂ ಕಿತ್ತು ಹಾಕಿಸಿದೆ. ಹಾರ್ನ್ ಮಾತ್ರ ಬಿಡಲ್ಲ ಅಂತ ಕೂತಿದ್ದಾನೆ.

ಇನ್ನೊಂದು ವಿಷಯ, ಮೋಸ ಹೋಗಲು ಇದೇ ಮುಖ್ಯ ಕಾರಣ. ಹೊಸ ಬ್ಯಾಟರಿ ಅಂಗಡಿಯಿಂದ ತುಂಬಿಕೊಂಡೇ ಬರುತ್ತದೆ. ಹಾಕಿದ ಕೂಡಲೇ ಎಲ್ಲ ಸರಿಹೋದ ಹಾಗೆ ಕಾಣುತ್ತದೆ. ಮೆಕ್ಯಾನಿಕ್‌ಗೂ ತನ್ನ ಮಾತು ನಿಜವಾಯಿತು ಅನ್ನಿಸುತ್ತದೆ. ಕಪ್ಲರ್‌ನ ಕಿಲುಬಿನಲ್ಲಿ ನುಸುಳಿ ಬರುವ ಅಷ್ಟಿಷ್ಟು ಕರೆಂಟಿನಲ್ಲಿ ಅದು ನಾಲ್ಕೈದು ತಿಂಗಳು ತಳ್ಳುತ್ತದೆ. ಅರೆಹೊಟ್ಟೆಯಲ್ಲಿ ಬಿಟ್ಟ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಅಷ್ಟಾದ ಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಿಡಿಯಲ್ಲ. ಆಗ ‘ಬ್ಯಾಟರಿ ಹೋಗಿದೆ’ ಅನ್ನುವ ಮಾತು ನಿಜವೇ ಆಗುತ್ತದೆ. ನನ್ನ ಎರಡನೆಯದು ಆ ಹಂತ ಮುಟ್ಟುವ ಮುಂಚೆ ಭಾಯ್ ಕೈಗೆ ಸಿಕ್ಕಿತು, ಪುಣ್ಯ.

ಆಮೇಲೆ ನಾನೂ 350 ರೂಪಾಯಿಗೆ ಒಂದು ಮೀಟರ್ ತಂದೆ. ಮೊದಲ ವಾರವೇ ಸುಟ್ಟೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೆಂಪು ಕಡ್ಡಿಯ ವೈರ್ ಸಿಕ್ಕಿಸಲು ಮೀಟರ್‌ನಲ್ಲಿ ಎರಡು ತೂತಿದೆ. 10 ಆಂಪ್ ಅಂತ ಬರೆದಿರುವುದು ಕರೆಂಟ್ ಅಳೆಯಲು. ಅದರಲ್ಲಿ ಸಿಕ್ಕಿಸಿಕೊಂಡು ಬ್ಯಾಟರಿಯ ಎರಡು ತುದಿ ಮುಟ್ಟಿದರೆ ನೇರ ಶಾರ್ಟ್. ಟಪ್ ಅಂತ ಕಿಡಿ, ಕಡ್ಡಿಯ ತುದಿ ಕಪ್ಪು, ಹೆಂಡತಿಯಿಂದ ಬೈಗುಳ. ವೋಲ್ಟ್ ನೋಡುವಾಗ ವೋಲ್ಟ್ ಅಂತ ಬರೆದಿರುವ ತೂತಿನಲ್ಲೇ ಸಿಕ್ಕಿಸಿ, ಗುಂಡಿಯನ್ನು ಡಿಸಿ 20ಕ್ಕೆ ತಿರುಗಿಸಿ. ಎರಡನೇ ಮೀಟರ್ ಇನ್ನೂ ಚೆನ್ನಾಗಿದೆ.

ನಾನೀಗ ನೋಡುವುದು ಇಷ್ಟೇ. ಬೆಳಗ್ಗೆ ಗಾಡಿ ಮುಟ್ಟುವ ಮುಂಚೆ ಒಂದು ಸಲ. ಸೆಲ್ಫ್ ಒತ್ತಿದ ಕ್ಷಣ ಎಷ್ಟಕ್ಕೆ ಬೀಳುತ್ತದೆ ಅಂತ ಒಂದು ಸಲ. ಹತ್ತಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯಲ್ಲಿ ಜೀವ ಕಮ್ಮಿ, ಇಲ್ಲಾ ಟರ್ಮಿನಲ್ ಸಡಿಲ. ಆಮೇಲೆ ಎಂಜಿನ್ ಓಡುವಾಗ ಎಕ್ಸಲೇಟರ್ ಕೊಟ್ಟು. ಹದಿಮೂರೂವರೆಯಿಂದ ಹದಿನಾಲ್ಕೂವರೆ ಒಳಗಿದ್ದರೆ ನೆಮ್ಮದಿಯಾಗಿ ಪೇಪರ್ ಹಾಕಬಹುದು. ಹದಿನೈದು ದಾಟಿದರೆ ಆರ್‌ಆರ್ ಯೂನಿಟ್ ಹಿಡಿತ ಬಿಟ್ಟಿದೆ, ಬ್ಯಾಟರಿ ಒಳಗೇ ಕುದಿಯುತ್ತದೆ. ಓಡಿಸುವುದಕ್ಕಿಂತ ರಾತ್ರಿ ನಿಲ್ಲಿಸಿದಾಗಲೇ ಬ್ಯಾಟರಿ ಇಳಿಯುತ್ತಿದ್ದರೆ ಮಾತ್ರ ಕೀ ಆಫ್ ಮಾಡಿ ಆಂಪ್ ನೋಡಬೇಕು, ಆ 10 ಆಂಪ್ ತೂತು ಬೇಕಾಗುವುದು ಅದಕ್ಕೆ. ಮೈನಸ್ ವೈರ್ ಬಿಚ್ಚಿ ನಡುವೆ ಮೀಟರ್ ಸೇರಿಸಬೇಕು. ಹಳೆ ಗಾಡಿಯಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಬರದಿದ್ದರೆ ಎಲ್ಲೋ ಸೋರುತ್ತಿದೆ. ಮೀಟರ್ ಹೀಗೆ ಸೇರಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ತಬೇಡಿ.

ಮೆಕ್ಯಾನಿಕ್ ಹುಡುಗರಿಗೂ ಒಂದು ಮಾತು. ಮೀಟರ್ ಇದ್ದವರೂ ತಪ್ಪು ಮಾಡುವುದನ್ನು ನೋಡಿದ್ದೇನೆ. ದೊಡ್ಡ ಗಾಡಿಗಳಲ್ಲಿ ಹೆಚ್ಚಾಗಿ ಕಾಯಿಲ್‌ನಿಂದ ಮೂರು ಹಳದಿ ವೈರ್ ಬರುತ್ತವೆ. ಮೀಟರ್ ಬೀಪ್‌ಗೆ ತಿರುಗಿಸಿ, ಒಂದು ಕಡ್ಡಿ ಅವುಗಳಲ್ಲಿ ಯಾವುದಕ್ಕೆ, ಇನ್ನೊಂದು ಎಂಜಿನ್ ಬಾಡಿಗೆ ಮುಟ್ಟಿಸಿದರೂ ಬೀಪ್ ಬರಬಾರದು. ಬಂದರೆ ಕಾಯಿಲ್ ಸುಟ್ಟಿದೆ. ಇದನ್ನೇ ಕಲಿತುಕೊಂಡು ನನ್ನಂಥ ಗಾಡಿಗೂ ಹಾಗೇ ನೋಡುತ್ತಾರೆ. ಇಲ್ಲಿ ಕಾಯಿಲ್‌ನ ಒಂದು ತುದಿ ಕಂಪನಿಯಿಂದಲೇ ಎಂಜಿನ್ ಬಾಡಿಗೆ ಸೇರಿರುತ್ತದೆ. ಬೀಪ್ ಬರಲೇಬೇಕು. ಒಬ್ಬರು ಬೀಪ್ ಕೇಳಿದ ಕೂಡಲೇ ‘ಕಾಯಿಲ್ ಶಾರ್ಟ್’ ಅಂತ ನಮ್ಮ ಹಾಲಿನ ಡೇರಿಯವರ ಚೆನ್ನಾಗಿದ್ದ ಕಾಯಿಲ್ ತೆಗೆದು ಹಾಕಿದರು. ಭಾಯ್ ಆ ಕಾಯಿಲ್ ಎತ್ತಿಟ್ಟುಕೊಂಡಿದ್ದಾರೆ, ಯಾರಿಗಾದರೂ ಆಗುತ್ತೆ ಅಂತ.

ಅವರ ಕಷ್ಟವೂ ಇದೆ, ಇಲ್ಲ ಅನ್ನಲ್ಲ. ಒಬ್ಬ ಮೆಕ್ಯಾನಿಕ್ ನನಗೇ ಹೇಳಿದ: ‘ಅಣ್ಣ, ಅರ್ಧ ಗಂಟೆ ಮೀಟರ್ ಹಿಡಿದು ವೈರ್ ಹುಡುಕಿದ್ರೆ ನೀವು ಇಪ್ಪತ್ತು ರೂಪಾಯಿ ಕೊಡ್ತೀರ. ಬ್ಯಾಟರಿ ಮಾರಿದ್ರೆ ನೂರು ಉಳಿಯುತ್ತೆ. ನಾನೇನು ಮಾಡ್ಲಿ?’ ಉತ್ತರ ಕೊಡಲು ಆಗಲಿಲ್ಲ. ನಾವೂ ಹೋದ ಕೂಡಲೇ ‘ಬೇಗ ಮಾಡಿ, ಕೆಲಸ ಇದೆ’ ಅಂತ ನಿಲ್ಲುತ್ತೇವಲ್ಲ. ಪರೀಕ್ಷೆ ಮಾಡಿದ್ದಕ್ಕೆ ಐವತ್ತು ರೂಪಾಯಿ ಅಂತ ಬೋರ್ಡ್ ಹಾಕಲಿ. ನಾನಂತೂ ಕೊಡುತ್ತೇನೆ.

ಆದರೆ ಬ್ಯಾಟರಿ ಅಂಗಡಿಗೆ ಈ ನೆಪ ಇಲ್ಲ. ನಮ್ಮ ಊರಿನ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋಗಿ ನೋಡಿ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಒಳಗೆ ಹುಳು ಲೊಟಲೊಟ ಅಂದರೆ ಹದವಾಗಿದೆ ಅಂತ ಲೆಕ್ಕ. ಎಷ್ಟೇ ಅನುಭವ ಇದ್ದರೂ ದುಡ್ಡು ಕೈ ಬದಲಾಗುವ ಮುಂಚೆ ಗೂಡು ತಕ್ಕಡಿಗೆ ಹೋಗಲೇಬೇಕು. ರೈತನ ಕಣ್ಣೆದುರು ತೂಗಿ, ಚೀಟಿಯಲ್ಲಿ ಬರೆಯುತ್ತಾರೆ. ಬ್ಯಾಟರಿಗೂ ಅಷ್ಟೇ ಮಾಡಿ ಅಂತ ಕೇಳುತ್ತಿದ್ದೇನೆ. ಹಾರ್ನ್ ಸದ್ದು ಕೇಳಿ, ಬೇಡ ಅನ್ನಲ್ಲ. ಮಾರುವ ಮುಂಚೆ ಮೀಟರ್ ಹಿಡಿದು, ಹಳೆ ಬ್ಯಾಟರಿ ಎಷ್ಟಿತ್ತು, ಹೊಸದು ಹಾಕಿ ಎಂಜಿನ್ ಓಡಿಸಿದಾಗ ಎಷ್ಟು ಬಂತು, ಈ ಎರಡು ಅಂಕಿ ಬಿಲ್ಲಿನ ಮೇಲೆ ಬರೆದುಕೊಡಿ. 12.3 ಅಂತ ಬರೆಯಬೇಕಾಗಿ ಬಂದರೆ ಯಾವ ಅಂಗಡಿಯವರೂ ಸುಮ್ನೆ ಬ್ಯಾಟರಿ ಮಾರಲಾರರು. ಮಾರಿದರೂ ನಾಳೆ ಗ್ಯಾರಂಟಿ ಇಲ್ಲ ಅನ್ನಲು ಬಾಯಿ ಬರಲ್ಲ. ಅಷ್ಟು ಹೊತ್ತಿಗೆ ಗಿರಾಕಿಗೂ ತನ್ನ ಗಾಡಿಯಲ್ಲೇ ತೊಂದರೆ ಅಂತ ಗೊತ್ತಾಗಿರುತ್ತದೆ.

ನಿಮಗೂ ಒಂದು ಕೋರಿಕೆ. ಮುಂದಿನ ಪುರವಣಿಯಲ್ಲಿ ಆ ಸಾಲನ್ನು ಸರಿಮಾಡಿ ಹಾಕಿ. ‘ಬ್ಯಾಟರಿ ಬದಲಾಯಿಸುವ ಮುಂಚೆ ಮೀಟರ್ ಹಿಡಿಸಿ’ ಅಂತ ಇದ್ದರೆ ಸಾಕು, ಜಾಗ ಜಾಸ್ತಿ ಬೇಡ. ಹಾಗೇ, ಇದು ಬೇರೆ ವಿಷಯ, ಮೂರು ಭಾನುವಾರದಿಂದ ನಮ್ಮ ಬಂಡಲ್‌ನಲ್ಲಿ ಪುರವಣಿ ಹತ್ತು ಹನ್ನೆರಡು ಕಮ್ಮಿ ಬರುತ್ತಿದೆ. ಸಂಬಂಧಪಟ್ಟವರಿಗೆ ಹೇಳಿ.

ನನ್ನ ಹೆಸರು ಹಾಕಬೇಡಿ. ಎರಡನೇ ಬ್ಯಾಟರಿ ಕೊಟ್ಟವರೂ ನನ್ನ ಗಿರಾಕಿಯೇ. ತಿಂಗಳ ದುಡ್ಡು ಒಂದನೇ ತಾರೀಖೇ ಕೊಡುವವರು. ಈ ಪತ್ರ ಅಚ್ಚಾದ ದಿನ ಬೆಳಗ್ಗೆ ಐದೂವರೆಗೆ ಅವರ ಷಟರ್ ಕೆಳಗೆ ಪೇಪರ್ ತೂರಿಸಬೇಕಾದವನೂ ನಾನೇ.

ಇಂತಿ,
ನಿಮ್ಮ ಪತ್ರಿಕೆಯ ವಿತರಕ
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ